ಕರೆ ಹೋಗಲಿ, ಹಿರಿಯರ ಉಸಿರು ಉಳಿಯಲಿ

ಅಬ್ಬಿಯ ನೀರು ದಂಬೆಯಲ್ಲಿ ಹರಿದು ಬಚ್ಚಲ ಹಂಡೆ ತುಂಬುವ ಮಲೆನಾಡಿನ ಮನೆಗಳಿಗೆ ಸುಣ್ಣದ ಕರೆಯ ಕಾಟ ಅಷ್ಟಾಗಿ ಗೊತ್ತಿಲ್ಲ. ಸಾವಿರಾರು ವರ್ಷಗಳ ಭಾರೀ ಮಳೆಗೆ ತೊಳೆದುಹೋದ ಜಂಬಿಟ್ಟಿಗೆ ಮಣ್ಣಿನಲ್ಲಿ ನೀರಿಗೆ ಕರಗಿ ಬರಲು ಹೆಚ್ಚು ಸುಣ್ಣವೇ ಉಳಿದಿಲ್ಲ. ಆದ್ದರಿಂದ ಅಲ್ಲಿನ ಒರತೆಯ ನೀರು ಮೆದು. ಸಾಬೂನು ಬೇಗ ನೊರೆಯಾಗುತ್ತದೆ, ಬೇಳೆ ಬೇಗ ಬೇಯುತ್ತದೆ. ಘಟ್ಟದ ಸೆರಗು ದಾಟಿ ಬಯಲುಸೀಮೆಗೆ ಇಳಿದರೆ ಕಥೆಯೇ ಬೇರೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಕಡೆಯ ಆಳದ ಕೊಳವೆಬಾವಿಗಳ ನೀರು ಬಕೆಟ್ಟಿನ ಅಂಚಿಗೆ ಬಿಳಿಯ ಬಳೆ ತೊಡಿಸುತ್ತದೆ, ನಲ್ಲಿಯ ಬಾಯಿಗೆ ಹಕ್ಕಳೆ ಕಟ್ಟುತ್ತದೆ, ಗೀಸರಿನ ಒಡಲಲ್ಲಿ ಕಲ್ಲಾಗಿ ಕೂರುತ್ತದೆ. ಜನ ಅದನ್ನು ‘ಉಪ್ಪು ನೀರು’ ಎನ್ನುತ್ತಾರೆ. ಶಾಲೆಯ ಪುಸ್ತಕ ‘ಗಡಸು ನೀರು’ ಎನ್ನುತ್ತದೆ.

ಹಾಗಿದ್ದ ಮೇಲೆ ಈ ವಿಚಾರ ಗುಡ್ಡಗಾಡಿನ ಓದುಗರಿಗೆ ಏಕೆ? ಕಾರಣ ಸರಳ. ಮಕ್ಕಳು ನಗರಗಳಲ್ಲೋ ಹೊರದೇಶಗಳಲ್ಲೋ ನೆಲೆಸಿದ ಮೇಲೆ ತೋಟದ ಮನೆಗೆ ಬೀಗ ಬೀಳುತ್ತದೆ, ಹಿರಿಯರು ಬಯಲಿನ ಪಟ್ಟಣಗಳ ವೃದ್ಧಾಶ್ರಮ ಸೇರುತ್ತಾರೆ. ಅಂತಹ ಆಶ್ರಮಗಳಲ್ಲಿ ನೆಲ ಒರೆಸಿ ಶೌಚಾಲಯ ತೊಳೆಯುವ ಕೆಲಸಕ್ಕೆ ಹಳ್ಳಿಗಳಿಂದ ಹೆಣ್ಣುಮಕ್ಕಳೂ ಹೋಗುತ್ತಾರೆ. ಕರೆಯನ್ನು ತೆಗೆಯಲು ಅಲ್ಲಿ ಬಳಸುವ ಆಸಿಡ್‌ನ ಹೊಗೆಯನ್ನು ಇವರಿಬ್ಬರೂ ಉಸಿರಾಡುತ್ತಾರೆ. ಹೊಳೆಯುವ ನಲ್ಲಿಯನ್ನು ನೋಡಿ ಸಂತೋಷಪಡುವ ಸಂದರ್ಶಕರಿಗೆ ಆ ಹೊಳಪಿನ ಬೆಲೆಯನ್ನು ಯಾರು ತೆತ್ತರೆಂಬುದು ತಿಳಿಯುವುದಿಲ್ಲ.

ಮೊದಲಿಗೆ ಕರೆಯ ಸ್ವಭಾವವನ್ನು ಅರಿಯಬೇಕು. ಮಳೆಯ ನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತುಸು ಹುಳಿಯಾಗುತ್ತದೆ. ಆ ಹುಳಿ ನೀರು ಕಲ್ಲಿನೊಳಗಿನ ಸುಣ್ಣದ ಅಂಶವನ್ನು ಕರಗಿಸಿ ಬೈಕಾರ್ಬೊನೇಟ್ ರೂಪದಲ್ಲಿ ಹೊತ್ತು ತರುತ್ತದೆ. ನೀರನ್ನು ಕಾಯಿಸಿದಾಗ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ, ಕರಗಿದ್ದ ಸುಣ್ಣ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಗಟ್ಟಿಗೊಂಡು ತಳಕ್ಕೆ ಅಂಟುತ್ತದೆ. ಭಾರತೀಯ ಮಾನಕ ಸಂಸ್ಥೆಯ 2012ರ ಕುಡಿಯುವ ನೀರಿನ ಮಾನದಂಡದಂತೆ ಲೀಟರಿಗೆ 200 ಮಿಲಿಗ್ರಾಂವರೆಗಿನ ಗಡಸುತನ ಸ್ವೀಕಾರಾರ್ಹ. ಬೇರೆ ಜಲಮೂಲವೇ ಇಲ್ಲದಿದ್ದರೆ 600ರವರೆಗೂ ಅನುಮತಿ ಉಂಟು. ಲೀಟರಿಗೆ 600 ಮಿಲಿಗ್ರಾಂ ಎಂದರೆ ಸಾವಿರ ಲೀಟರಿನ ಒಂದು ತೊಟ್ಟಿಯಲ್ಲಿ 600 ಗ್ರಾಂ ಸುಣ್ಣದ ಕಲ್ಲಿಗೆ ಸಮನಾದ ಖನಿಜ. ಅದೆಲ್ಲವೂ ಹಕ್ಕಳೆಯಾಗುವುದಿಲ್ಲ, ಆದರೆ ದಿನವೂ ಹತ್ತಾರು ಮಂದಿ ಬಿಸಿನೀರು ಮೀಯುವ ಕಟ್ಟಡದಲ್ಲಿ ಕರೆ ಎಷ್ಟು ಬೇಗ ಬೆಳೆದೀತೆಂಬುದನ್ನು ಊಹಿಸಲು ಈ ಲೆಕ್ಕ ಸಾಕು.

ಈ ಕರೆ ಕೇವಲ ಅಂದಗೇಡು ಎಂದು ಬಿಟ್ಟುಬಿಡುವಂತೆಯೂ ಇಲ್ಲ. ಗೀಸರಿನ ಕಾಯಿಲ್ ಮೇಲೆ ಕುಳಿತ ಹಕ್ಕಳೆ ಶಾಖವನ್ನು ನೀರಿಗೆ ದಾಟಗೊಡುವುದಿಲ್ಲ. ವಿದ್ಯುತ್ ವ್ಯರ್ಥವಾಗುತ್ತದೆ, ಕಾಯಿಲ್ ಬೇಗ ಸುಟ್ಟುಹೋಗುತ್ತದೆ. ಅದಕ್ಕಿಂತ ಗಂಭೀರವಾದ ಸಂಗತಿ ರೋಗಾಣುವಿನದು. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದ ಹೋಟೆಲೊಂದರಲ್ಲಿ ಸೇರಿದ್ದ ಮಾಜಿ ಸೈನಿಕರ ನಡುವೆ ಮಾರಕ ನ್ಯುಮೋನಿಯ ಹಬ್ಬಿತು. ಮರುವರ್ಷ ಪತ್ತೆಯಾದ ಅದರ ರೋಗಾಣುವಿಗೆ ಲೀಜಿಯೊನೆಲ್ಲಾ ಎಂಬ ಹೆಸರು ಬಂದಿತು. 20ರಿಂದ 45 ಡಿಗ್ರಿ ಸೆಲ್ಸಿಯಸ್‌ನ ಬೆಚ್ಚನೆಯ ನೀರಿನಲ್ಲಿ ಅದು ಬೆಳೆಯುತ್ತದೆ. ಶವರಿನ ತೂತುಗಳಲ್ಲಿ ಕಟ್ಟಿದ ಸುಣ್ಣ ಮತ್ತು ಲೋಳೆ ಅದಕ್ಕೆ ಆಸರೆಯಾಗುತ್ತವೆ; ಶವರಿನ ತುಂತುರಿನೊಡನೆ ಅದು ಶ್ವಾಸಕೋಶ ಸೇರುತ್ತದೆ. ವಯಸ್ಸಾದವರಿಗೆ, ದಮ್ಮಿನವರಿಗೆ ಅದರ ಅಪಾಯ ಹೆಚ್ಚು. ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತಾ ಇಲಾಖೆಯ ಮಾರ್ಗಸೂಚಿ ಶವರಿನ ತಲೆ ಮತ್ತು ಕೊಳವೆಗಳನ್ನು ಮೂರು ತಿಂಗಳಿಗೊಮ್ಮೆ ಬಿಚ್ಚಿ, ಸುಣ್ಣ ತೆಗೆದು ಶುಚಿಗೊಳಿಸಬೇಕೆನ್ನುವುದು ಈ ಕಾರಣದಿಂದಲೇ. ಕರೆ ತೆಗೆಯಲೇಬೇಕು, ಉಳಿಯುವ ಪ್ರಶ್ನೆ ಯಾವುದರಿಂದ, ಹೇಗೆ ಎಂಬುದು.

ಸಾಮಾನ್ಯವಾಗಿ ಸಿಗುವ ಉತ್ತರ ಹೈಡ್ರೋಕ್ಲೋರಿಕ್ ಆಮ್ಲ. ಅಂಗಡಿಯಲ್ಲಿ ಬರಿಯ ‘ಆಸಿಡ್’ ಎಂದು ಕರೆಸಿಕೊಳ್ಳುವುದು ಹೆಚ್ಚಾಗಿ ಇದೇ. ಅಗ್ಗ, ಕ್ಷಣದಲ್ಲಿ ಬುಸುಗುಟ್ಟಿ ಕರೆಯನ್ನು ಕರಗಿಸುತ್ತದೆ. ಆದರೆ ಮುಚ್ಚಳ ತೆರೆದೊಡನೆ ಏಳುವ ಅದರ ಹೊಗೆ ಕಣ್ಣು, ಗಂಟಲು, ಶ್ವಾಸಕೋಶಗಳನ್ನು ಸುಡುತ್ತದೆ. ಗಟ್ಟಿಮುಟ್ಟಾದ ಯುವಕನಿಗೆ ಒಂದೆರಡು ಕೆಮ್ಮಿನಲ್ಲಿ ಮುಗಿಯುವ ಆ ಹೊಗೆ, ದಮ್ಮಿನ ಹಿರಿಯರಿಗೆ ರಾತ್ರಿಯಿಡೀ ಉಸಿರು ಕಟ್ಟಿಸಬಲ್ಲದು. ಮುಪ್ಪಿನಲ್ಲಿ ಚರ್ಮ ತೆಳುವಾಗಿರುತ್ತದೆ, ಬೇಗ ಸುಡುತ್ತದೆ, ನಿಧಾನವಾಗಿ ಮಾಯುತ್ತದೆ. ಮೂಗು ಮಂದವಾಗಿರುವುದರಿಂದ ಘಾಟು ಬೇಗ ತಿಳಿಯುವುದಿಲ್ಲ. ಹಾಸಿಗೆ ಹಿಡಿದವರು ಎದ್ದು ಕಿಟಕಿ ತೆರೆಯಲಾರರು. ಮರೆವಿನ ಕಾಯಿಲೆ ಇರುವವರು ಕೈಗೆಟುಕಿದ ಸೀಸೆಯಲ್ಲಿರುವುದು ನೀರೋ ವಿಷವೋ ಎಂದು ವಿಂಗಡಿಸಲಾರರು. ಸಾಮಾನ್ಯ ಮನೆಯಲ್ಲಿ ಹೇಗೋ ನಡೆದುಹೋಗುವ ಅಜಾಗರೂಕತೆ ವೃದ್ಧಾಶ್ರಮದಲ್ಲಿ ಪ್ರಾಣಕ್ಕೆ ಎರವಾಗುವುದು ಹೀಗೆ.

ಇದು ಅತಿಶಯದ ಮಾತಲ್ಲ. 2019ರ ನವೆಂಬರಿನಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಬರ್ಲಿಂಗ್‌ಟನ್ನಿನ ಉಪಾಹಾರಗೃಹವೊಂದರಲ್ಲಿ ಸುಣ್ಣದ ಕರೆ ತೆಗೆಯುವ ಆಮ್ಲದ್ರಾವಣ ನೆಲದ ಮೇಲೆ ಚೆಲ್ಲಿತ್ತು. ಅದರ ಮೇಲೆಯೇ ಕ್ಲೋರಿನ್ ಅಂಶದ ದ್ರಾವಣದಿಂದ ನೆಲ ತೊಳೆಯತೊಡಗಿದಾಗ ವಿಷಾನಿಲ ಎದ್ದಿತು. ಅದನ್ನು ಹೊರಗೆ ತಳ್ಳಲು ಹೋದ ವ್ಯವಸ್ಥಾಪಕ ಮೃತಪಟ್ಟರು. ಹತ್ತಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. 2022ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಮಟಿಯೊ ನಗರದ ಹಿರಿಯರ ವಸತಿಯೊಂದರಲ್ಲಿ ಹಣ್ಣಿನ ರಸವೆಂದು ತಿಳಿದು ಪಾತ್ರೆ ತೊಳೆಯುವ ದ್ರಾವಣವನ್ನು ಮೂವರಿಗೆ ಕುಡಿಯಲು ಕೊಡಲಾಯಿತು. 93 ವರ್ಷದ ವೃದ್ಧೆ ಅಸುನೀಗಿದರು. ಎರಡನೆಯ ಪ್ರಕರಣದ ದ್ರಾವಣ ಕರೆ ತೆಗೆಯುವಂಥದ್ದಲ್ಲ. ಆದರೆ ಪಾಠ ಒಂದೇ. ಎರಡೂ ಕಡೆ ಯಾರೂ ಕೇಡು ಬಯಸಿರಲಿಲ್ಲ. ಒಂದೆಡೆ ಬೆರೆಯಬಾರದ್ದು ಬೆರೆಯಿತು, ಇನ್ನೊಂದೆಡೆ ಇರಬಾರದ ಕಡೆ ಇತ್ತು.

ಬೆರಕೆಯ ಅಪಾಯವನ್ನು ಬಿಡಿಸಿ ಹೇಳಬೇಕಾದ ಅಗತ್ಯವಿದೆ. 2020ರ ಕೋವಿಡ್ ಕಾಲದ ನಂತರ ಬ್ಲೀಚಿಂಗ್ ಪುಡಿಯೂ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣವೂ ಎಲ್ಲ ಸಂಸ್ಥೆಗಳ ಶೌಚಾಲಯದ ಮೂಲೆಯಲ್ಲಿ ನೆಲೆಯೂರಿವೆ. ಇವುಗಳ ಮೇಲೆ ಯಾವ ಆಮ್ಲ ಬಿದ್ದರೂ ಕ್ಲೋರಿನ್ ಅನಿಲ ಹೊರಬರುತ್ತದೆ. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ರಣರಂಗದಲ್ಲಿ ಜರ್ಮನ್ ಸೇನೆ ಶತ್ರುಗಳ ಮೇಲೆ ಹರಿಯಬಿಟ್ಟದ್ದು ಇದೇ ಅನಿಲವನ್ನು. ಗಾಳಿಗಿಂತ ಭಾರವಾದ ಅದು ಕಿಟಕಿಯಿಲ್ಲದ ಬಚ್ಚಲಿನಲ್ಲಿ ನೆಲದ ಮಟ್ಟದಲ್ಲೇ ತಂಗುತ್ತದೆ. ಬಗ್ಗಿ ಉಜ್ಜುವವಳ ಮೂಗು ಇರುವುದೂ ಅಲ್ಲಿಯೇ. ನಿಂಬೆ, ವಿನೆಗರ್ ಸೌಮ್ಯವೆಂದು ಅವುಗಳನ್ನು ಬ್ಲೀಚಿಂಗ್ ಜೊತೆ ಬೆರೆಸುವುದೂ ಅಪಾಯವೇ. ಒಂದೇ ಕೋಣೆಯಲ್ಲಿ ಒಂದೇ ದಿನ ಎರಡನ್ನೂ ಬಳಸದಿರುವುದು ಅತ್ಯಂತ ಕ್ಷೇಮ.

ಹಾಗಾದರೆ ಆಯ್ಕೆ ಯಾವುದು? ತಾಮ್ರದ ಹಂಡೆ, ಹಿತ್ತಾಳೆಯ ಕೊಡಗಳನ್ನು ಹುಣಸೆಹಣ್ಣಿನಿಂದಲೋ ಬಿಂಬಲಕಾಯಿಯಿಂದಲೋ ತಿಕ್ಕಿ ಬೆಳಗಿದ ಅಜ್ಜಿಯರಿಗೆ ಇದರ ಅರ್ಧ ಉತ್ತರ ತಿಳಿದೇ ಇತ್ತು. ಹುಣಸೆಯಲ್ಲಿರುವುದು ಟಾರ್ಟಾರಿಕ್ ಆಮ್ಲ, ನಿಂಬೆಯಲ್ಲಿರುವುದು ಸಿಟ್ರಿಕ್ ಆಮ್ಲ. ಸಿಟ್ರಿಕ್ ಆಮ್ಲದ ಹರಳುಗಳನ್ನು ಕಿರಾಣಿ ಅಂಗಡಿಗಳು ‘ನಿಂಬೆ ಉಪ್ಪು’ ಎಂಬ ಹೆಸರಿನಲ್ಲಿ ಮಾರುತ್ತವೆ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಸುಮಾರು 50 ಗ್ರಾಂ ಬೆರೆಸಿದರೆ ಹೊಗೆಯಿಲ್ಲದ, ನಲ್ಲಿ, ಶವರ್, ಕೆಟಲ್‌ಗಳಿಗೆ ಸಾಲುವ ದ್ರಾವಣ ಸಿದ್ಧ. ಕುದಿಸುವುದು ಬೇಡ, ಹೆಚ್ಚು ಬಿಸಿಯಾದರೆ ಕರಗದ ಬೇರೊಂದು ಲವಣವೇ ಹೊಸ ಕರೆಯಾಗಿ ಕೂರಬಹುದು. ವಿನೆಗರೂ ಆದೀತು, ಆದರೆ ಅದರ ಘಾಟು ದಮ್ಮಿನವರಿಗೆ ಹಿತವಲ್ಲ. ವರ್ಷಗಳಿಂದ ಕಲ್ಲಾಗಿರುವ ಕಮೋಡಿನ ಕರೆಗೆ ಪುಡಿಯ ರೂಪದ ಸಲ್ಫಾಮಿಕ್ ಆಮ್ಲ ಮುಂದಿನ ಮೆಟ್ಟಿಲು. ಹೈಡ್ರೋಕ್ಲೋರಿಕ್ ಆಮ್ಲದಂತೆ ಅದು ಹೊಗೆಯಾಡುವುದಿಲ್ಲವಾದರೂ ಕಣ್ಣು, ಚರ್ಮಗಳಿಗೆ ಅಪಾಯವೇ. ಫಾಸ್ಫಾರಿಕ್ ಆಮ್ಲದ ದ್ರಾವಣಗಳೂ ಉಂಟು. ಅವುಗಳ ಫಾಸ್ಫೇಟ್ ಕೆರೆ ಸೇರಿದರೆ ಪಾಚಿಗೆ ಗೊಬ್ಬರ. ಹೊಗೆಯಾಡುವ ಆಸಿಡ್ ವೃದ್ಧಾಶ್ರಮದ ಬಾಗಿಲು ದಾಟಬೇಕಾದ ಕಾರಣವೇ ಇಲ್ಲ. ಸೌಮ್ಯ ಆಮ್ಲಕ್ಕೆ ಬೇಕಾದದ್ದು ಸಮಯ ಮಾತ್ರ. ಪ್ರಬಲ ಆಮ್ಲ ಒಂದು ನಿಮಿಷದಲ್ಲಿ ಮಾಡುವುದನ್ನು ನಿಂಬೆ ಉಪ್ಪು ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಮಾಡುತ್ತದೆ. ಒಮ್ಮೆಗೆ ಹೋಗದಿದ್ದರೆ ಮರುದಿನ ಇನ್ನೊಮ್ಮೆ. ಹಿರಿಯರ ಮನೆಯಲ್ಲಿ ಬಲಕ್ಕಿಂತ ತಾಳ್ಮೆಗೆ ಕೆಲಸ ವಹಿಸುವುದೇ ವಿವೇಕ.

ಕರೆ ಯಾವುದರದೆಂದು ಮೊದಲು ಪರೀಕ್ಷಿಸುವುದೂ ಮುಖ್ಯ. ಮಲೆನಾಡಿನ ಕೊಳವೆಬಾವಿಗಳ ನೀರು ಬಿಡುವ ಕೆಂಗಂದು ಕಲೆ ಹೆಚ್ಚಾಗಿ ಕಬ್ಬಿಣದ್ದು, ಸುಣ್ಣದ್ದಲ್ಲ. ಕರೆಯ ಮೇಲೆ ನಾಲ್ಕು ಹನಿ ನಿಂಬೆರಸ ಬಿಟ್ಟಾಗ ಸಣ್ಣ ಗುಳ್ಳೆಗಳು ಎದ್ದರೆ ಅದು ಸುಣ್ಣ. ಗುಳ್ಳೆ ಏಳದೆ ಬಣ್ಣ ಕೆಂಪಾಗಿದ್ದರೆ ಕಬ್ಬಿಣ. ಕಬ್ಬಿಣದ ಕಲೆಗೆ ಬ್ಲೀಚಿಂಗ್ ಹಾಕಿದರೆ ಅದು ಇನ್ನಷ್ಟು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ನಿಂಬೆ ಉಪ್ಪಿಗೆ ನಿಧಾನವಾಗಿಯಾದರೂ ಬಿಡುತ್ತದೆ. ಹಾಗೆಯೇ ಆಮ್ಲ ತಾಗುವ ನೆಲ ಯಾವುದೆಂಬುದನ್ನೂ ನೋಡಬೇಕು. ಅಮೃತಶಿಲೆ, ಕಡಪ ಕಲ್ಲು, ಶಹಾಬಾದ್ ಕಲ್ಲು ಇವೆಲ್ಲ ಸುಣ್ಣದ ಕಲ್ಲಿನ ಕುಲದವೇ; ಕರೆಯನ್ನು ತಿನ್ನುವ ಆಮ್ಲ ಅವುಗಳನ್ನೂ ತಿನ್ನುತ್ತದೆ. ಸಿಮೆಂಟಿನ ಕೆಂಪು ನೆಲ, ಮೊಸಾಯಿಕ್, ಟೈಲ್ಸ್ ನಡುವಿನ ಸಿಮೆಂಟೂ ಸವೆಯುತ್ತವೆ. ಸವೆದು ಉರುಟಾದ ನೆಲದಲ್ಲಿ ಕೊಳೆ ಇನ್ನೂ ಬೇಗ ಕೂರುತ್ತದೆ, ಅದನ್ನು ತೆಗೆಯಲು ಮತ್ತೆ ಆಸಿಡ್ ಬರುತ್ತದೆ. ಅಲ್ಯೂಮಿನಿಯಂ ಪಾತ್ರೆ, ಸತು ಲೇಪದ ಕೊಳವೆಗಳಿಂದಲೂ ಆಮ್ಲವನ್ನು ದೂರವಿಡಬೇಕು. ಗೀಸರ್ ಮತ್ತು ಸೋಲಾರ್ ತೊಟ್ಟಿಯ ಒಳಭಾಗವನ್ನು ಬಲ್ಲ ಕುಶಲಕರ್ಮಿಗೇ ಬಿಡುವುದು ಲೇಸು.

ಬಳಸುವ ವಿಧಾನಕ್ಕೆ ದುಬಾರಿ ತರಬೇತಿ ಬೇಡ, ಕ್ರಮ ಬೇಕು. ಹಿರಿಯರೆಲ್ಲರ ಸ್ನಾನ ಮುಗಿದ ಮೇಲೆ, ಹಗಲಿನಲ್ಲಿ, ಕಿಟಕಿ ತೆರೆದು, ಬಾಗಿಲಿಗೆ ದೊಡ್ಡ ಅಕ್ಷರದ ಫಲಕ ತೂಗುಹಾಕಿ ಕೆಲಸ ಆರಂಭಿಸಬೇಕು. ಕಮೋಡಿನಲ್ಲಿ ರಾತ್ರಿ ದ್ರಾವಣ ಸುರಿದು ಬಿಡುವ ರೂಢಿ ಇಲ್ಲಿ ಸಲ್ಲದು. ನಡುರಾತ್ರಿ ಎದ್ದು ಬರುವವರು ಹಿರಿಯರೇ. ಕೈಗೆ ರಬ್ಬರ್ ಗವಸು, ಕಣ್ಣಿಗೆ ಕನ್ನಡಕ, ಕಾಲಿಗೆ ಮುಚ್ಚಿದ ಚಪ್ಪಲಿ ಬೇಕು. ದ್ರಾವಣ ಬೆರೆಸುವಾಗ ನೀರಿಗೆ ಆಮ್ಲವನ್ನು ಹಾಕಬೇಕೇ ಹೊರತು ಆಮ್ಲಕ್ಕೆ ನೀರನ್ನಲ್ಲ. ಶವರಿನ ತಲೆಯನ್ನು ಬಿಚ್ಚಿ ಬಕೆಟ್ಟಿನಲ್ಲಿ ನೆನೆಸಬೇಕು. ನಲ್ಲಿಗೆ ದ್ರಾವಣದಲ್ಲಿ ಅದ್ದಿದ ಬಟ್ಟೆ ಸುತ್ತಬೇಕು. ತಲೆಯ ಮೇಲಿನ ಎತ್ತರಕ್ಕೆ ಎರಚುವುದು ಬೇಡ. ಹನಿ ಕಣ್ಣಿಗೇ ಇಳಿಯುತ್ತದೆ. ಕೊನೆಗೆ ಧಾರಾಳ ನೀರಿನಲ್ಲಿ ತೊಳೆದು ನೆಲವನ್ನು ಒಣಗುವಂತೆ ಒರೆಸಬೇಕು, ಏಕೆಂದರೆ ಒದ್ದೆ ನೆಲದಲ್ಲಿ ಜಾರಿ ಸೊಂಟದ ಮೂಳೆ ಮುರಿಯುವುದು ಹಿರಿಯರ ಪಾಲಿಗೆ ಆಮ್ಲಕ್ಕಿಂತ ಕಡಿಮೆಯ ಆಪತ್ತಲ್ಲ. ಕೆಟಲ್‌ನಲ್ಲಿ ಎರಡು ಸಲ ಬರಿಯ ನೀರು ಕುದಿಸಿ ಚೆಲ್ಲಿದ ಮೇಲೆಯೇ ಕುಡಿಯುವ ನೀರು ಕಾಯಿಸಬೇಕು.

ಎಲ್ಲಕ್ಕಿಂತ ದೊಡ್ಡ ನಿಯಮ ಸೀಸೆಯದು. ಕರೆ ತೆಗೆಯುವ ದ್ರಾವಣವನ್ನು ನೀರಿನ ಅಥವಾ ತಂಪು ಪಾನೀಯದ ಸೀಸೆಗೆ ಎಂದಿಗೂ ಸುರಿಯಬಾರದು. ಮೂಲ ಡಬ್ಬಿ, ಕನ್ನಡದ ಚೀಟಿ, ಬೀಗವಿರುವ ಕಪಾಟು, ಬೀಗದ ಕೈ ಒಬ್ಬರ ಹೊಣೆ. ಆಮ್ಲ ಒಂದು ಕಪಾಟಿನಲ್ಲಿ, ಬ್ಲೀಚಿಂಗ್ ಬೇರೊಂದರಲ್ಲಿ. ಅಡಿಗೆಮನೆಯ ಹತ್ತಿರ ಎರಡೂ ಇಲ್ಲ. ಮೈಗೋ ಕಣ್ಣಿಗೋ ಸಿಡಿದರೆ ಹದಿನೈದು ಇಪ್ಪತ್ತು ನಿಮಿಷ ಹರಿಯುವ ನೀರಿನಲ್ಲಿ ತೊಳೆಯಬೇಕು. ಯಾರಾದರೂ ಕುಡಿದುಬಿಟ್ಟರೆ ವಾಂತಿ ಮಾಡಿಸಬಾರದು, ಅಡಿಗೆ ಸೋಡಾ ಕುಡಿಸಬಾರದು. ಬಾಯಿ ಮುಕ್ಕಳಿಸಿ, 108ಕ್ಕೆ ಕರೆಮಾಡಿ, ಆ ಸೀಸೆಯನ್ನೂ ಜೊತೆಗೆ ಆಸ್ಪತ್ರೆಗೆ ಒಯ್ಯಬೇಕು. ಘಾಟು ಎದ್ದರೆ ಸ್ವಚ್ಛಗೊಳಿಸಲು ನಿಲ್ಲದೆ ಮೊದಲು ಜನರನ್ನು ಹೊರಗಾಳಿಗೆ ತರಬೇಕು.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. ಆಸಿಡ್ ದಾಳಿಗಳ ಹಿನ್ನೆಲೆಯಲ್ಲಿ ಸರ್ವೋಚ್ಚ ನ್ಯಾಯಾಲಯ 2013ರ ಜುಲೈನಲ್ಲಿ ನೀಡಿದ ಆದೇಶದಂತೆ, ಕೊಳ್ಳುವವರ ಗುರುತುಚೀಟಿ ನೋಡದೆ, ವಿಳಾಸ ಮತ್ತು ಉದ್ದೇಶವನ್ನು ದಾಖಲಿಸದೆ ಆಸಿಡ್ ಮಾರುವಂತಿಲ್ಲ. 18 ವರ್ಷದೊಳಗಿನವರಿಗೆ ಮಾರುವಂತೆಯೇ ಇಲ್ಲ. ಆಸಿಡ್ ಇಟ್ಟುಕೊಳ್ಳುವ ಆಸ್ಪತ್ರೆ, ವಿದ್ಯಾಸಂಸ್ಥೆಗಳು ಬಳಕೆಯ ದಾಖಲೆ ಪುಸ್ತಕ ಇಡಬೇಕು, ಒಬ್ಬರು ಅದಕ್ಕೆ ಹೊಣೆಗಾರರಾಗಬೇಕು. ಇದೇ ಶಿಸ್ತನ್ನು ವೃದ್ಧಾಶ್ರಮಗಳೂ ತಾವಾಗಿಯೇ ಪಾಲಿಸುವುದಕ್ಕೆ ಅಡ್ಡಿಯೇನು? ಹಿರಿಯ ನಾಗರಿಕರ ಪಾಲನೆಯ 2007ರ ಕಾಯಿದೆ ಪ್ರತಿ ಜಿಲ್ಲೆಗೂ ವೃದ್ಧಾಶ್ರಮವನ್ನು ಕಲ್ಪಿಸಿತು. ಆ ಕಟ್ಟಡದ ಒಳಗಿನ ಗಾಳಿಯ ಕ್ಷೇಮವೂ ಪಾಲನೆಯ ಭಾಗವೇ.

ಚರಂಡಿಗೆ ಸುರಿದ ಆಮ್ಲದ ಪಯಣ ಅಲ್ಲಿಗೇ ಮುಗಿಯುವುದಿಲ್ಲ. ಸೆಪ್ಟಿಕ್ ಟ್ಯಾಂಕಿನಲ್ಲಿ ಮಲವನ್ನು ಕೊಳೆಸುವ ಸೂಕ್ಷ್ಮಜೀವಿಗಳು ಅದರಿಂದ ಸಾಯುತ್ತವೆ. ಕೊಳೆಯದ ಹೊಲಸು ಇಂಗುಗುಂಡಿಯ ಮೂಲಕ ಬಾವಿಯ ಕಡೆಗೆ ಸಾಗುತ್ತದೆ. ಇಲ್ಲಿ ಮಲೆನಾಡಿಗೆ ವಿಶೇಷವಾದ ಎಚ್ಚರಿಕೆಯೊಂದಿದೆ. ಗಡಸು ನೀರಿನಲ್ಲಿ ಕರಗಿರುವ ಸುಣ್ಣ ಬಿದ್ದ ಆಮ್ಲವನ್ನು ಒಂದಷ್ಟು ತಣಿಸುತ್ತದೆ. ಮೆದು ನೀರಿಗೆ ಆ ಶಕ್ತಿ ಇಲ್ಲ. ಬಯಲಿನ ಕೆರೆ ತಾಳಿಕೊಳ್ಳುವಷ್ಟು ಆಮ್ಲವನ್ನು ಘಟ್ಟದ ಹಳ್ಳ ತಾಳದು. ಮೀನು, ಏಡಿ, ಕಪ್ಪೆಮರಿಗಳು ಮೊದಲು ಬಲಿಯಾಗುತ್ತವೆ. ಮಲೆನಾಡಿನ ನೀರಿನ ಹಿರಿಮೆಯಾದ ಮೆದುತನವೇ ಅದರ ದೌರ್ಬಲ್ಯವೂ ಹೌದು. ಬಳಸಿದ ದ್ರಾವಣವನ್ನು ಧಾರಾಳ ನೀರಿನಲ್ಲಿ ತೆಳುವಾಗಿಸಿ, ಬೇರೇನೂ ಬೆರೆಯದಂತೆ ಶೌಚದ ಕೊಳವೆಗೇ ಬಿಡಬೇಕು; ಹಳ್ಳಕ್ಕೂ ತೋಟದ ಬುಡಕ್ಕೂ ಬೇಡ.

ಕರೆ ಕಟ್ಟದಂತೆ ನೋಡಿಕೊಳ್ಳುವುದು ಎಲ್ಲ ಆಮ್ಲಗಳಿಗಿಂತ ಮೇಲು. ನಲ್ಲಿ, ಗೋಡೆಗಳನ್ನು ದಿನಕ್ಕೊಮ್ಮೆ ಒಣಬಟ್ಟೆಯಿಂದ ಒರೆಸಿದರೆ ಅರ್ಧ ಕೆಲಸ ಉಳಿಯುತ್ತದೆ. ಚಾವಣಿಗೆ ಬಿದ್ದ ಮಳೆ ಮಣ್ಣನ್ನು ಮುಟ್ಟಿರುವುದಿಲ್ಲವಾದ್ದರಿಂದ ಅದರಲ್ಲಿ ಸುಣ್ಣವಿಲ್ಲ. ಅದನ್ನು ಸೋಸಿ ಹಿಡಿದು ಬಿಸಿನೀರಿನ ತೊಟ್ಟಿಗೆ ಬಳಸಿದಷ್ಟೂ ಹಕ್ಕಳೆ ಕಡಿಮೆ. ಬೆಂಗಳೂರಿನಲ್ಲಿ 2009ರಲ್ಲಿ ಮಳೆನೀರು ಸಂಗ್ರಹ ಕಡ್ಡಾಯವಾಯಿತು. ಕಡ್ಡಾಯವಿಲ್ಲದ ಕಡೆಯೂ ಆಶ್ರಮಗಳ ವಿಶಾಲ ಚಾವಣಿಗಳು ಇದಕ್ಕೆ ತಕ್ಕವೇ. ಶಾಖ ತಗ್ಗಿಸಿದರೆ ಕರೆ ಕಡಿಮೆಯಾಗುತ್ತದೆಂಬುದು ನಿಜ. ಆದರೆ ಬೆಚ್ಚಗೆ ನಿಂತ ನೀರು ಲೀಜಿಯೊನೆಲ್ಲಾದ ತವರು. ತೊಟ್ಟಿಯಲ್ಲಿ 60 ಡಿಗ್ರಿ ಕಾದ ನೀರನ್ನು ಬಚ್ಚಲಿನಲ್ಲಿ ತಣ್ಣೀರು ಬೆರೆಸಿ ಹದಗೊಳಿಸಿದ ಮೇಲೆಯೇ ಹಿರಿಯರ ಮೈಗೆ ತಾಗಿಸುವುದು ಸರಿಯಾದ ದಾರಿ.

ವೃದ್ಧಾಶ್ರಮಕ್ಕೆ ಹಿರಿಯರನ್ನು ಕಾಣಲು ಹೋಗುವ ಬಂಧುಗಳು ಹಣ್ಣು ಹಂಪಲು ಒಯ್ಯುವುದರ ಜೊತೆಗೆ ಕೆಲವು ಪ್ರಶ್ನೆಗಳನ್ನೂ ಒಯ್ಯುವುದು ಒಳ್ಳೆಯದು. ಇಲ್ಲಿ ಕರೆ ತೆಗೆಯುವುದು ಯಾವುದರಿಂದ? ಅದನ್ನು ಇಡುವುದು ಎಲ್ಲಿ? ಬಚ್ಚಲಿಗೆ ಕಿಟಕಿ ಇದೆಯೇ? ತೊಳೆಯುವವರಿಗೆ ಗವಸು ಕೊಟ್ಟಿದ್ದಾರೆಯೇ? ಕೊನೆಯ ಪ್ರಶ್ನೆ ಉಳಿದವುಗಳಷ್ಟೇ ಮುಖ್ಯ, ಏಕೆಂದರೆ ತೊಳೆಯುವವಳ ಅವಸರ ಅವಳದಲ್ಲ. ಹತ್ತು ಶೌಚಾಲಯಗಳನ್ನು ಒಂದು ಗಂಟೆಯಲ್ಲಿ ಮುಗಿಸೆಂದು ಹೇಳಿದವರೇ ಅವಳ ಕೈಗೆ ಆಸಿಡ್ ಸೀಸೆಯನ್ನೂ ಕೊಟ್ಟಿರುತ್ತಾರೆ. ವಿಜ್ಞಾನದ ವಿದ್ಯಾರ್ಥಿಗಳು ತಮ್ಮ ಊರಿನ ಬಾವಿ, ಕೊಳವೆಬಾವಿ, ಆಶ್ರಮಗಳ ನೀರಿನ ಗಡಸುತನವನ್ನು ಅಳೆದು ಗೋಡೆಯ ಮೇಲೆ ಬರೆದಿಟ್ಟರೆ, ಎಷ್ಟು ದಿನಕ್ಕೊಮ್ಮೆ ಕರೆ ತೆಗೆಯಬೇಕೆಂಬುದು ಊಹೆಯಾಗಿ ಉಳಿಯುವುದಿಲ್ಲ. ಶಾಲೆಯ ಪ್ರಯೋಗಶಾಲೆಯಲ್ಲಿಯೇ ಆಗುವ ಕೆಲಸ ಅದು. ನಲ್ಲಿಯ ಮೇಲೆ ಒಂದಿಷ್ಟು ಬಿಳಿಯ ಗುರುತು ಒಂದು ದಿನ ಹೆಚ್ಚು ಉಳಿದರೆ ಯಾರಿಗೂ ನಷ್ಟವಿಲ್ಲ. ಅದನ್ನು ಕ್ಷಣದಲ್ಲಿ ಅಳಿಸುವ ಆತುರದಲ್ಲಿ ಹಿರಿಯರ ಉಸಿರನ್ನೂ ದುಡಿಯುವ ಹೆಣ್ಣುಮಗಳ ಕಣ್ಣನ್ನೂ ಒತ್ತೆಯಿಡುವ ಸ್ವಚ್ಛತೆ ಸ್ವಚ್ಛತೆಯಲ್ಲ.